ಗಂಗನಕೊಪ್ಪಲಿನ ಭಾನುವಾರ

ಭಾನುವಾರ ಬೆಳಿಗ್ಗೆ ಏಳಕ್ಕೆ ರೂಪಳ ಅಣ್ಣ ಪುನೀತ್ ಫೋನ್ ಮಾಡಿ, ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಎಂದ. ರೂಪಳ ಗಂಡ ಸಿದ್ದೇಶ ಗೋಡೆಯ ಕ್ಯಾಲೆಂಡರ್ ನೋಡಿದ. ಶಿವನಸಮುದ್ರದಲ್ಲಿ ಕೆಲಸ ಮಾಡುವ ಪುನೀತನಿಗೆ ರಜೆ ಸಿಗುವುದೇ ಭಾನುವಾರ. ದುದ್ದದ ಪಕ್ಕದ ಗಂಗನಕೊಪ್ಪಲಿನಲ್ಲಿ ಬಾಡು, ಅಂದರೆ ಮಾಂಸ, ಬೇಯಿಸಬಾರದ ದಿನವೂ ಭಾನುವಾರವೇ. ಕೆರೆ ಏರಿ ಕಟ್ಟಿ ಮುಗಿಸಿದ್ದು ಭಾನುವಾರವೆಂದು, ಇನ್ನು ಪ್ರತಿ ಭಾನುವಾರ ಊರಿನಲ್ಲಿ ಯಾರೂ ಬಾಡು ಮುಟ್ಟುವುದಿಲ್ಲವೆಂದು ಹಿರಿಯರು ಕೆರೆಯ ಗಂಗಮ್ಮನಿಗೆ ಹರಕೆ ಹೊತ್ತಿದ್ದರಂತೆ. ಹೊತ್ತವರು ಹೋದರು, ಹರಕೆ ಉಳಿಯಿತು.

"ಮದ್ವೆಯಾದ್ಮೇಲೆ ನಮ್ಮಣ್ಣ ಮೂರ್ ಸಲ ಬಂದವ್ನೆ. ಮೂರ್ ಸಲವೂ ಎಸ್ರುಕಾಳು ಸಾರು," ಎಂದಳು ರೂಪ. "ಇವತ್ತೂ ಅದೇ ಆದ್ರೆ ಅವನ್ ಬೈಕ್ ಅತ್ಕಂಡು ನಾನೂ ಓಯ್ತೀನಿ."

ರೂಪ ಹೇಳಿದ್ದನ್ನು ಮಾಡುವವಳು. ಸಿದ್ದೇಶ ಕೆರೆ ಏರಿಗೆ ಓಡಿದ. ಏರಿ ಮುಗಿದ ದಿನವನ್ನು ಕೆತ್ತಿದ್ದ ಅಲ್ಲಿನ ಕಲ್ಲಿನ ಮೇಲೆ ಪರಿಧಾವಿ ಸಂವತ್ಸರ, ಚೈತ್ರ ಮಾಸ, ತಿಥಿ ಎಲ್ಲ ಇತ್ತು. ವಾರ ಇದ್ದ ಜಾಗದಲ್ಲಿ ಮಾತ್ರ ಯಾರೋ ಪುಣ್ಯಾತ್ಮ ಎಮ್ಮೆ ಕಟ್ಟಲು ಕಬ್ಬಿಣದ ಬಳೆ ಹೊಡೆದಿದ್ದ. ಕೆಳಗೆ ಶಾಲೆಯ ಮೇಷ್ಟ್ರೊಬ್ಬರು ಪುಸ್ತಕ ನೋಡಿ ಬಣ್ಣದಲ್ಲಿ ಬರೆಸಿದ್ದ ಇಂಗ್ಲಿಷ್ ತಾರೀಕು: 1672 ಮಾರ್ಚ್ 27. ಭಾನುವಾರವೆನ್ನುವುದು ಬರೀ ಬಾಯಿಮಾತಿರಬೇಕು ಎಂದುಕೊಂಡು ಸಿದ್ದೇಶ ತಾರೀಕನ್ನು ಫೋನಿಗೆ ಹಾಕಿದ. ಫೋನೂ ಭಾನುವಾರ ಎಂದಿತು.

ಪಕ್ಕದಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಊರ ಯಜಮಾನ ಬೋರಯ್ಯ ಇಣುಕಿ ನೋಡಿದರು. "ನೋಡ್ಲಾ, ನಿನ್ ಪೋನೂ ನಮ್ ತಾತನ ಮಾತೇ ಆಡ್ತದೆ. ಒಳ್ಳೆ ಪೋನು ಕಣ್ಲಾ."

ಸಿದ್ದೇಶ ಕಲ್ಲಿನ ಫೋಟೋ ತೆಗೆದುಕೊಂಡು ಮಳವಳ್ಳಿಗೆ ಬೈಕ್ ಓಡಿಸಿದ. ಅಲ್ಲಿ ಪಂಚಾಂಗ ಬರೆಯುವ ತಿರುನಾರಾಯಣ ಒಂದು ಗಂಟೆ ಕೂಡಿದರು, ಕಳೆದರು, ನಡುವೆ ಎರಡು ಸಲ ಕಾಫಿ ಕುಡಿದರು.

"ಬುಧವಾರ," ಎಂದರು.

"ಫೋನು ಭಾನುವಾರ ಅಂತದಲ್ಲ ಸ್ವಾಮಿ?"

"ಮೇಷ್ಟ್ರು ಬರೆಸಿರೋದು ಇಂಗ್ಲಿಷಿನವರ ಹಳೇ ಕ್ಯಾಲೆಂಡರಿನ ತಾರೀಕು ಕಣಪ್ಪ. ಅದರಲ್ಲಿ ಲೆಕ್ಕ ತಪ್ಪಿದೆ ಅಂತ ಆಮೇಲೆ ಅವರೇ ಹೊಸದು ಹಿಡಿದ್ರು. ನಿನ್ನ ಫೋನಿಗೆ ಗೊತ್ತಿರೋದು ಹೊಸದು. ಆ ಕಾಲಕ್ಕೆ ಎರಡಕ್ಕೂ ಹತ್ತು ದಿನ ವ್ಯತ್ಯಾಸ. ಭಾನುವಾರದಿಂದ ಹತ್ತು ದಿನ ಮುಂದಕ್ಕೆ ಎಣಿಸು."

ಸಿದ್ದೇಶ ಬೆರಳು ಮಡಿಸಿ ಎಣಿಸಿದ. ಬುಧವಾರ ಬಂತು. ಅವರ ಕಾಲಿಗೆ ಬಿದ್ದು, ಚೀಟಿ ಬರೆಸಿ ಸಹಿ ಹಾಕಿಸಿಕೊಂಡ. ಮದ್ದೂರಿನಲ್ಲಿ ಎರಡು ಕೆಜಿ ಮಟನ್ ಕಟ್ಟಿಸಿ, ಮಸಾಲೆ ರುಬ್ಬಲು ರೂಪಳಿಗೆ ಫೋನ್ ಮಾಡಿದ.

ಊರ ಹಾಲಿನ ಡೈರಿ ಮುಂದೆ ಹತ್ತು ಜನರೊಡನೆ ಕೂತಿದ್ದ ಬೋರಯ್ಯ ಚೀಟಿಯನ್ನು ಮೂರು ಸಲ ಓದಿಸಿಕೊಂಡರು.

"ಅಯ್ನೋರು ಯೋಳಿದ್ಮೇಲೆ ಮುಗೀತು. ಇನ್ಮೇಕೆ ಬುದ್ವಾರ ಬುಡನ, ಭಾನ್ವಾರ ತಿನ್ನನ," ಎಂದರು.

"ಬುದ್ದಿವಂತ ಅಂದ್ರೆ ಇವನು ಕಣ್ರಲಾ!" ಎಂದು ಗುಂಪಿನಲ್ಲಿದ್ದ ಮಾದಯ್ಯ ಸಿದ್ದೇಶನ ಬೆನ್ನು ತಟ್ಟಿದ. ಸಿದ್ದೇಶನಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ಮನೆಗೆ ಹೊರಡಲು ಬೈಕ್ ಸ್ಟಾರ್ಟ್ ಮಾಡಿದ.

"ನಿಂತ್ಕಳ್ಲಾ," ಎಂದರು ಬೋರಯ್ಯ. "ಅವತ್ತಿಂದ ಇವತ್ಗೆ ಏಸು ಬುದ್ವಾರ ಆಗಿರ್ಬೌದು?"

ಸಿದ್ದೇಶ ಹುರುಪಿನಲ್ಲೇ ಫೋನ್ ಒತ್ತಿದ. "ಅದಿನೆಂಟು ಸಾವ್ರದ ನಾನೂರು ಚಿಲ್ರೆ ಬೋರಣ್ಣ."

"ಅಷ್ಟು ಬುದ್ವಾರವೂ ಊರಲ್ಲಿ ಬಾಡು ತಿಂದವ್ರೆ ಅನ್ನು."

ಬೋರಯ್ಯ ಎದ್ದು, ಕೆರೆಯ ಕಡೆ ತಿರುಗಿ ಕೆನ್ನೆ ಬಡಿದುಕೊಂಡರು. "ತಪ್ಪಾಯ್ತು ಕಣವ್ವ ಗಂಗಮ್ಮ. ಇವತ್ತಿಂದ ಒಂದ್ ವರ್ಸ ಊರಲ್ಲಿ ಯಾರ್ ಒಲೆ ಮೇಲೂ ಬಾಡು ಬೇಯಕಿಲ್ಲ." ಆಮೇಲೆ ಸಿದ್ದೇಶನತ್ತ ನೋಡಿದರು. "ಕಂಡಿಡ್ದೋನು ನೀನು. ಮನೆಮನೆಗೂ ಓಗಿ ನೀನೇ ಯೋಳ್ಬುಟ್ಟು ಬಾ."

ಮಾದಯ್ಯ ಬೆನ್ನು ತಟ್ಟಿದ ಕೈಯನ್ನು ಪಂಚೆಗೆ ಒರೆಸಿಕೊಂಡ.

ಬೀದಿಯ ಮೊದಲ ಮನೆ ಸಿದ್ದೇಶನದೇ. ಮಸಾಲೆಯ ಘಮ ಬಾಗಿಲಿಗೇ ಬಂದಿತ್ತು, ಪುನೀತ್ ಜಗುಲಿಯ ಮೇಲೆ ಕೈ ತೊಳೆದು ಕೂತಿದ್ದ. ಸಿದ್ದೇಶ ನಡೆದದ್ದನ್ನೆಲ್ಲ ಹೇಳಿದ. ರೂಪ ಪೂರ್ತಿ ಕೇಳಿಸಿಕೊಂಡಳು. ಒಳಗೆ ಹೋಗಿ ಬಟ್ಟೆಯ ಬ್ಯಾಗು ತಂದಳು, ಮಸಾಲೆಯ ಡಬ್ಬಿ ತಂದಳು, ಅವನ ಕೈಯಲ್ಲಿದ್ದ ಮಟನ್ ಚೀಲವನ್ನೂ ತೆಗೆದುಕೊಂಡಳು.

"ನಮ್ಮೂರಲ್ಲಿ ಬೇಯಿಸ್ಬೌದು," ಎಂದು ಅಣ್ಣನ ಬೈಕ್ ಹತ್ತಿದಳು.

ಬೈಕ್ ತಿರುವಿನಲ್ಲಿ ಮರೆಯಾಗುವವರೆಗೂ ಸಿದ್ದೇಶ ನೋಡುತ್ತ ನಿಂತ. ನಂತರ ಪಕ್ಕದ ಮನೆಯ ಬಾಗಿಲು ಬಡಿದ. ಇನ್ನೂ ಅರವತ್ತಮೂರು ಮನೆ ಇದ್ದವು.