ನಿಂಗರಾಜು ಆರಿಸಿದ ನಾಟಕ

ನಾಟಕದ ಗುಣ ತೂಗಿ ನೋಡುವ ಶಕ್ತಿ ಇಡೀ ಪಾಂಡವಪುರದಲ್ಲಿ ಯಾರಿಗಾದರೂ ಇದ್ದರೆ ಅದು ತನಗೊಬ್ಬನಿಗೇ ಎಂದು ನಿಂಗರಾಜು ತೀರ್ಮಾನಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಎರಡನೇ ಲೋಟ ಕಾಫಿ ಕುಡಿಯುವಾಗ. ತೀರ್ಮಾನಕ್ಕೆ ಆಧಾರ ಎದುರಿನ ಗೋಡೆಯ ಮೇಲೇ ನೇತಾಡುತ್ತಿತ್ತು. ಎಪ್ಪತ್ತೆಂಟನೇ ಇಸವಿಯಲ್ಲಿ ಅವನ ಹುಟ್ಟೂರು ಕಿರಂಗೂರಿನಲ್ಲಿ ಆಡಿದ ಪೌರಾಣಿಕ ನಾಟಕದ ಫೋಟೋ. ಅದರಲ್ಲಿ ನಿಂಗರಾಜು ದ್ವಾರಪಾಲಕ. ಕೈಯಲ್ಲಿ ಈಟಿ, ಮುಖದಲ್ಲಿ ಮೀಸೆ, ಕೊರಳಲ್ಲಿ ಮಂಡಿಯವರೆಗೆ ಇಳಿಬಿದ್ದ ಹೂವಿನ ಹಾರ!

"ರಾಜನಿಗೆ ಹಾರ ಬೀಳೋದು ಇದ್ದದ್ದೇ. ದ್ವಾರಪಾಲಕನಿಗೆ ಬಿದ್ದಿದ್ದು ಕಿರಂಗೂರಲ್ಲಿ ಅದೇ ಮೊದ್ಲು, ಅದೇ ಕೊನೆ" ಎಂದು ಅವನು ಮನೆಗೆ ಬಂದವರಿಗೆಲ್ಲ ಹೇಳಿದ್ದ. ಸಿಲಿಂಡರ್ ತಂದವನಿಗೆ ಮೂರು ಸಲ ಹೇಳಿದ್ದ.

ಈಗ ನಾಟಕದ ಮಾತು ಎದ್ದದ್ದು ಅತ್ತೆ ಸೋಮಮ್ಮನವರಿಂದ. ಬಿಂಡಿಗನವಿಲೆಯಿಂದ ಮಗಳ ಮನೆಗೆ ಹತ್ತು ದಿನ ಇರಲು ಬಂದಿದ್ದ ಅವರು, "ವಾಪಸ್ ಓಗೋದ್ರಲ್ಲಿ ಒಂದ್ ನಾಟ್ಕ ನೋಡ್ಬೇಕು ಕಣವ್ವಾ" ಎಂದಿದ್ದರು. ಅಷ್ಟು ಸಾಕಾಯಿತು. ಅಕ್ಕಪಕ್ಕದ ಮನೆಯವರೂ ಸೇರಿ ಹನ್ನೊಂದು ಜನರ ಪಟ್ಟಿಯಾಯಿತು, ಒಂದು ಮೆಟಾಡೋರ್ ಗೊತ್ತಾಯಿತು. ಯಾವ ನಾಟಕ ಎಂಬುದೊಂದು ಮಾತ್ರ ಬಾಕಿ.

"ಕೆ.ಆರ್. ಪೇಟೇಲಿ ಕಂಪ್ನಿಯೋರು ಟೆಂಟ್ ಹಾಕವ್ರೆ. ನಕ್ಕೂ ನಕ್ಕೂ ಸಾಕಾಯ್ತದಂತೆ. ಅಲ್ಲಿಗೇ ಓಗನ" ಎಂದಳು ಹೆಂಡತಿ ರಂಜಿತ.

ನಿಂಗರಾಜು ನಕ್ಕ. ಕರುಣೆಯಿಂದ ನಕ್ಕ. ಜೇಬಿನಿಂದ ಒಂದು ಕರಪತ್ರ ತೆಗೆದು ಮೇಜಿನ ಮೇಲೆ ಹರಡಿದ. ಶ್ರೀರಂಗಪಟ್ಟಣದ ಒಂದು ಸಭಾಭವನದಲ್ಲಿ ಸಂಜೆ ಆರೂವರೆಗೆ ಹೊಸ ರಂಗಪ್ರಯೋಗ. ಕೆಳಗೆ ದಪ್ಪಕ್ಷರದಲ್ಲಿ, 'ಆಧುನಿಕ ಮನುಷ್ಯನ ಒಳಗಿನ ನಿಶ್ಶಬ್ದದ ಶೋಧ.'

"ಅಂಗಂದ್ರೇನು?" ಎಂದಳು ರಂಜಿತ.

ಅದು ನಿಂಗರಾಜುವಿಗೂ ಗೊತ್ತಿರಲಿಲ್ಲ. ಆದರೆ ಅರ್ಥವಾಗದ್ದಕ್ಕೆ ಕೈಮುಗಿಯುವುದು ಅವನ ಸ್ವಭಾವ. ಆಫೀಸಿಗೆ ಬರುವ ಸುತ್ತೋಲೆಗಳನ್ನೂ ಅವನು ಹೀಗೇ ಗೌರವಿಸುತ್ತಿದ್ದ.

"ನೋಡಿದ್ರೆ ಗೊತ್ತಾಗ್ತದೆ" ಎಂದ.

"ನೀವು ಆರಿಸಿದ್ದು ಯಾವ್ದು ಸರಿ ಹೋಗೈತೆ ಏಳಿ? ನೀವು ತಂದ ಮಿಕ್ಸಿ ಸದ್ದಿಗೆ ಪಕ್ಕದ ಮನೆ ಕರ ಹಗ್ಗ ಕಿತ್ಕೊಂಡು ಓಡೋಯ್ತು. ಹೊಸಹೊಳಲು ದೇವಸ್ಥಾನ ತೋರಿಸ್ತೀನಿ ಅಂತ ಅಡ್ಡದಾರಿ ಆರಿಸಿದ್ರಿ. ಆಲೆಮನೇಲಿ ಬೆಲ್ಲ ತಿನ್ಕೊಂಡು ವಾಪಸ್ ಬಂದೋ. ದೇವ್ರ ಮುಖ ಇವತ್ತಿಗೂ ನೋಡಿಲ್ಲ!"

ಅತ್ತೆಯ ಎದುರಿಗೇ ಈ ಮಾತು! ನಿಂಗರಾಜುವಿನ ಒಳಗಿನ ದ್ವಾರಪಾಲಕ ಈಟಿ ಕುಟ್ಟಿ ಎದ್ದು ನಿಂತ. "ಕೇಳು ರಂಜಿತ! ಈ ನಾಟಕ ಚೆನ್ನಾಗಿಲ್ಲ ಅಂದ್ರೆ ಇನ್ಮೇಲೆ ಈ ಮನೇಲಿ ಆರಿಸೋ ಕೆಲ್ಸ ಎಲ್ಲಾ ನಿಂದೇ. ಮುಂದಿನ ತಿಂಗ್ಳು ತರೋ ಕಲರ್ ಟೀವಿನೂ ಸೇರಿ. ನಾನು ತುಟಿ ಬಿಚ್ಚಲ್ಲ!"

"ಅವ್ವಾ, ಕೇಳುಸ್ಕೊಂಡ್ಯಾ? ನೀನೇ ಸಾಕ್ಷಿ" ಎಂದಳು ರಂಜಿತ. ಸೋಮಮ್ಮ ಎಲೆಗೆ ಸುಣ್ಣ ಸವರುತ್ತಾ ತಲೆಯಾಡಿಸಿದರು.

ಕಲರ್ ಟೀವಿಯನ್ನು ಪಣಕ್ಕಿಟ್ಟದ್ದು ಹೆಚ್ಚಾಯಿತೇನೋ ಎಂದು ನಿಂಗರಾಜುವಿಗೆ ಆಮೇಲೆ ಅನ್ನಿಸಿತು. ಎರಡು ತಿಂಗಳಿಂದ ಅಂಗಡಿ ಅಂಗಡಿ ತಿರುಗಿ, ಮರದ ಬಾಗಿಲಿನ ಒಂದು ಟೀವಿಯನ್ನು ಅವನು ಮನಸ್ಸಿನಲ್ಲೇ ಮನೆಗೆ ತಂದಾಗಿತ್ತು. ಆದರೆ ಆಡಿದ ಮಾತು ಆಡಿಯಾಗಿತ್ತು.

ಸಂಜೆ ಮೆಟಾಡೋರ್ ಹೊರಟಿತು. ಕಿರಂಗೂರಿನಲ್ಲಿ ನಿಂಗರಾಜುವಿನ ಚಿಕ್ಕಪ್ಪ ಚಲುವಯ್ಯ ಹತ್ತಿಕೊಂಡರು, ಬಾಳೆಲೆಯಲ್ಲಿ ಸುತ್ತಿದ ಒಂದು ಭಾರಿ ಹಾರದ ಸಮೇತ.

"ಇದ್ಯಾಕೆ ಚಿಕ್ಕಪ್ಪ? ಇದು ಆಧುನಿಕ ನಾಟಕ. ಹಾರಗೀರ ಎಲ್ಲಾ ಹಾಕಂಗಿಲ್ಲ."

"ನಾಟ್ಕಕ್ಕೆ ಬರಿಗೈಲಿ ಓಗದೇನ್ಲಾ? ಮಡಿಕ್ಕಂಡಿರು" ಎಂದು ಹಾರವನ್ನು ಅವನ ತೊಡೆಯ ಮೇಲೆ ಹಾಕಿ ಚಲುವಯ್ಯ ರಂಜಿತಳ ಪಕ್ಕ ಕುಳಿತರು. ಪಟ್ಟಣ ಮುಟ್ಟುವವರೆಗೂ ಇಬ್ಬರೂ ಅದೇನೋ ಗುಸುಗುಸು ಮಾತಾಡಿ ಕಿಸಕ್ಕೆಂದು ನಗುತ್ತಿದ್ದರು. ನಿಂಗರಾಜು ಗಮನ ಕೊಡಲಿಲ್ಲ. ಅವನು ಹಿಂದಿನ ಸೀಟಿನವರಿಗೆ ರಂಗಭೂಮಿ ಎಂದರೇನೆಂದು ಬೋಧಿಸುತ್ತಿದ್ದ.

ಸಭಾಭವನದಲ್ಲಿ ಮೊದಲ ಸಾಲು ಪೂರ್ತಿ ಇವರದೇ. ಪರದೆ ಇರಲಿಲ್ಲ. ಹಾರ್ಮೋನಿಯಂ ಇರಲಿಲ್ಲ. ಇದ್ದದ್ದು ಒಂದು ಕುರ್ಚಿ, ಒಂದು ದೀಪ.

"ಸೀನರಿ ಇನ್ನೂ ಬಂದಿಲ್ವಾ ಅಳಿಯಂದ್ರೇ?" ಎಂದು ಸೋಮಮ್ಮ ಕೇಳಿದರು.

"ಇದೇ ಸೀನರಿ ಅತ್ತೆ."

ಒಬ್ಬ ನಟ ಬಂದ. ಬಣ್ಣ ಹಚ್ಚಿರಲಿಲ್ಲ, ಆಫೀಸಿಗೆ ಹೊರಟವನ ಹಾಗೆ ಪ್ಯಾಂಟು ಶರ್ಟಿನಲ್ಲಿದ್ದ. ಹತ್ತು ನಿಮಿಷ ಏನೇನೋ ಮಾತಾಡಿದ. ಆಮೇಲೆ ಕುರ್ಚಿಯ ಮೇಲೆ ಕುಳಿತು ಸುಮ್ಮನಾದ. ಒಂದು ನಿಮಿಷವಾಯಿತು. ಎರಡಾಯಿತು. ಐದಾಯಿತು. ಎದುರಿನ ಗೋಡೆಯನ್ನೇ ನೋಡುತ್ತಾ ಕುಳಿತವನು ಕುಳಿತೇ ಇದ್ದ.

ಸಾಲಿನ ಆ ತುದಿಯಿಂದ ಚಲುವಯ್ಯನವರ ಆಕಳಿಕೆ ಹೊರಟು ಈ ತುದಿಯವರೆಗೆ ಬಂತು. ಸೋಮಮ್ಮ, "ಪಾಪ, ಉಸಾರಿಲ್ವೇನೋ" ಎಂದರು. ರಂಜಿತ ಗಂಡನ ಕಿವಿಯ ಹತ್ತಿರ ಬಂದು, "ಟೀವಿ ಯಾವ ಕಂಪ್ನೀದು ತಗಳನ?" ಎಂದಳು.

ನಿಂಗರಾಜುವಿನ ಮರದ ಬಾಗಿಲಿನ ಟೀವಿ ಕಣ್ಣೆದುರೇ ದೂರ ದೂರ ಹೋಗತೊಡಗಿತು. ಆಗ ಥಟ್ಟನೆ ಅವನಿಗೆ ಹೊಳೆಯಿತು. ಅಯ್ಯೋ, ಈ ಬಡಪಾಯಿ ಮಾತು ಮರೆತುಬಿಟ್ಟಿದ್ದಾನೆ!

ಕಿರಂಗೂರಿನಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಪಾತ್ರಧಾರಿ ಮಾತು ಮರೆತು ಮರದ ಹಾಗೆ ನಿಂತರೆ, ಊರಿನವರು ಯಾರಾದರೂ ಒಂದು ಹಾರ ಹಿಡಿದು ರಂಗಕ್ಕೆ ಓಡುತ್ತಿದ್ದರು. ಅಭಿನಯ ಮೆಚ್ಚಿ ಇಂಥವರಿಂದ ಹಾರ ಎಂದು ಕೂಗುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ಆ ಗದ್ದಲದಲ್ಲಿ ನಾಟಕದ ಮೇಷ್ಟ್ರು ಪಕ್ಕದಿಂದ ಮಾತು ಹೇಳಿಕೊಟ್ಟು, ಪಾತ್ರಧಾರಿಯ ಮಾನ ಉಳಿಯುತ್ತಿತ್ತು. ಈ ಗುಟ್ಟು ನಿಂಗರಾಜುವಿಗೆ ಬಹಳ ಚೆನ್ನಾಗಿ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ತೊಡೆಯ ಮೇಲೆ ಹಾರ ಇದ್ದೇ ಇತ್ತು. ಎದ್ದ!

"ಎಲ್ಲಿಗ್ರೀ?" ಎಂದು ರಂಜಿತ ಅಂಗಿ ಹಿಡಿದಳು. ಅಂಗಿಯ ಒಂದು ಗುಂಡಿ ಅವಳ ಕೈಯಲ್ಲಿ ಉಳಿಯಿತು. ನಿಂಗರಾಜು ರಂಗದ ಮೇಲಿದ್ದ. ಹಾರವನ್ನು ನಟನ ಕೊರಳಿಗೆ ಹಾಕಿ, ಸಭೆಯ ಕಡೆ ತಿರುಗಿ ಗಂಟಲೆತ್ತಿದ. "ಮಹಾಜನಗಳಲ್ಲಿ ವಿನಂತಿ! ಈ ಕಲಾವಿದರ ಅಮೋಘವಾದ ಅಭಿನಯವನ್ನು ಮೆಚ್ಚಿ ಕಿರಂಗೂರಿನ ಚಲುವಯ್ಯನವರ ಕುಟುಂಬದಿಂದ ಈ ಹೂವಿನ ಹಾರ!"

ಇದೂ ನಾಟಕದ ಭಾಗವೇ ಎಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಅದೇ ಸಮಯವೆಂದು ನಿಂಗರಾಜು ಬಗ್ಗಿ ಮೆಲ್ಲಗೆ ಕೇಳಿದ, "ಈಗ ನೆನಪಾಯ್ತಾ ಸಾರ್?"

ನಟ ತುಟಿ ಅಲ್ಲಾಡಿಸದೆ, ಹಲ್ಲಿನ ಸಂದಿಯಿಂದಲೇ ಉತ್ತರ ಕೊಟ್ಟ. "ಯಾರ್ರೀ ನೀವು? ಇದು ಮೌನ! ಹನ್ನೆರಡು ನಿಮಿಷದ ಮೌನ! ಇನ್ನೂ ಐದು ನಿಮಿಷ ಬಾಕಿ ಇದೆ!"

ಚಪ್ಪಾಳೆ ನಿಂತಿತು. ಈ ಹೊಸ ಪಾತ್ರ ಮುಂದೇನು ಹೇಳುತ್ತದೋ ಎಂದು ಇಡೀ ಸಭೆ ಕಾದು ಕುಳಿತಿತು. ನಿಂಗರಾಜು ಎಡಕ್ಕೆ ನೋಡಿದ, ಕಗ್ಗತ್ತಲು. ಬಲಕ್ಕೆ ನೋಡಿದ, ಅಲ್ಲಿ ಗಡ್ಡದ ನಿರ್ದೇಶಕರು ಜುಬ್ಬಾದ ತೋಳು ಮಡಚುತ್ತಿದ್ದರು. ಮುಂದೆ ಇನ್ನೂರು ಜೊತೆ ಕಣ್ಣು. ನಾಚಿಕೆಯಿಂದ ಕಿವಿ ಸುಟ್ಟಿತು. ಏನಾದರೂ ಹೇಳಿ ಇಳಿದುಬಿಡಬೇಕು ಎಂದುಕೊಂಡು ಬಾಯಿ ತೆರೆದ. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಕುಳಿತವನದು ಅಭ್ಯಾಸ ಮಾಡಿದ ಮೌನ, ನಿಂತವನದು ಹುಟ್ಟು ಮೌನ!

ಎಷ್ಟು ಹೊತ್ತು ಹಾಗೆ ನಿಂತಿದ್ದನೋ ಅವನಿಗೇ ಗೊತ್ತಿಲ್ಲ. ಒಂದು ಯುಗ ಎನ್ನುತ್ತಾನೆ. ಕೊನೆಗೆ ಬಳೆಯ ಸದ್ದು ಕೇಳಿಸಿತು. ರಂಜಿತ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಬಂದವಳೇ ತುರುಬಿನ ಕನಕಾಂಬರ ಬಿಚ್ಚಿ ಗಂಡನ ಕೊರಳಿಗೆ ಹಾಕಿದಳು. ಮೊಳದುದ್ದದ ಹೂವು ಕೊರಳಿಗೆ ಎಟುಕದೆ ಒಂದು ಕಿವಿಗೆ ನೇತುಬಿದ್ದಿತು.

"ಮಹಾಜನಗಳಲ್ಲಿ ವಿನಂತಿ!" ಎಂದು ಅವಳು ಗಟ್ಟಿಯಾಗಿ ಹೇಳಿದಳು. "ದ್ವಾರಪಾಲಕರ ಅಭಿನಯ ಮೆಚ್ಚಿ ಅವರ ಹೆಂಡ್ತಿಯಿಂದ ಎರಡನೇ ಹಾರ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಗದ್ದಲದಲ್ಲಿ ರಂಜಿತ ಅವನ ಕಿವಿಯಲ್ಲಿ ಹೇಳಿದಳು. "ಕಿರಂಗೂರಲ್ಲಿ ಮೊದಲ್ನೇದೂ ಇಂಗೇ ತಾನೆ ಬಿದ್ದಿದ್ದು? 'ಮಹಾಪ್ರಭು, ದೂತ ಬಂದಿದ್ದಾನೆ' ಅನ್ನೋದು ಒಂದೇ ಒಂದ್ ಮಾತಂತೆ. ಅದೂ ಮರ್ತೋಗಿ, ಚಿಕ್ಮಾವ ಆರ ತಕ್ಕಂಡು ಓಡ್ಬಂದ್ರಂತೆ. ದಾರೀಲಿ ಎಲ್ಲಾ ಏಳುದ್ರು. ಬನ್ನಿ ಕೆಳಕ್ಕೆ."

ನಿಂಗರಾಜು ಇಳಿದ. ಹದಿನಾರು ವರ್ಷ ಗೋಡೆಯ ಮೇಲೆ ಕಾಪಾಡಿದ ಮಾನವೂ ಅವನ ಜೊತೆಗೇ ಒಂದೊಂದೇ ಮೆಟ್ಟಿಲು ಇಳಿಯಿತು.

ವಾಪಸ್ ಬರುವಾಗ ಮೆಟಾಡೋರಿನಲ್ಲಿ ಯಾರೂ ಅವನ ಮುಖ ನೋಡಲಿಲ್ಲ. ನೋಡಿದವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಸೋಮಮ್ಮನೊಬ್ಬರೇ ಗಂಭೀರವಾಗಿ, "ನಾಟ್ಕ ಚೆನ್ನಾಗಿತ್ತು ಕಣವ್ವಾ. ಮೊದ್ಲು ವಸಿ ಎಳೀತು. ಅಳಿಯಂದ್ರು ಬಂದ್ಮೇಲೆ ಚುರುಕಾಯ್ತು" ಎಂದರು.

ಮುಳುಗುವವನಿಗೆ ಹುಲ್ಲುಕಡ್ಡಿ! ನಿಂಗರಾಜು ನೆಟ್ಟಗಾದ. "ಕೇಳಿದ್ಯಾ ರಂಜಿತ? ಸಾಕ್ಷಿನೇ ಹೇಳ್ತಾವ್ರೆ, ನಾಟಕ ಚೆನ್ನಾಗಿತ್ತಂತೆ. ನಾನು ಆರಿಸಿದ್ದು ಸರಿ ಹೋಯ್ತು. ಟೀವಿ ನಂದೇ!"

ಸೋಮಮ್ಮ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ನಿಧಾನವಾಗಿ ಸಾಗಿಸಿದರು.

"ಟೀವಿ ಅವ್ಳೇ ತರ್ಲಿ ಬುಡಿ ಅಳಿಯಂದ್ರೇ. ಬೇಜಾರ್ ಮಾಡ್ಕಬೇಡಿ, ಆರ್ಸೋವಾಗ ಎಂಥೋರೂ ಎಡವ್ತಾರೆ. ಎಂಟು ವರ್ಸದ್ ಇಂದೆ ಬಿಂಡಿಗನವಿಲೆಗೆ ಮೂರ್ ಗಂಡು ಬಂದಿದ್ರು. ಅದ್ರಾಗೆ ನಿಮ್ಮುನ್ನ ಆರಿಸ್ದೋಳು ನಾನೇಯಾ!"