ಚಿಕ್ಕಮ್ಮ ಮತ್ತು ಖಾಡಿಯ ಮರಳು

ನಮ್ಮ ಚಿಕ್ಕಮ್ಮನ ಎದುರು ಚಪ್ಪಲಿ ಹಾಕಿಕೊಂಡು ನಿಂತು ಸುಳ್ಳು ಹೇಳುವ ಧೈರ್ಯ ಡೊಂಬಿವಲಿಯಲ್ಲಿ ಯಾರಿಗೂ ಇಲ್ಲ. ಆಕೆ ಮೊದಲು ನೋಡುವುದು ಪಾದ, ಆಮೇಲೆ ಮುಖ. ಪೊಲೀಸರು ಪೊಟ್ಟಣ ಕಟ್ಟಿ ತರುತ್ತಿದ್ದ ಮಣ್ಣು, ಕಲ್ಲು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯದಲ್ಲಿ ಆಯುಷ್ಯ ಸವೆಸಿ, ನಿವೃತ್ತಿಯ ನಂತರ ನಮ್ಮ ಜೊತೆಗೇ ಇದ್ದಾಳೆ. ಸರ್ಕಾರ ಬಿಟ್ಟರೂ ಮಣ್ಣು ಬಿಡಬೇಕಲ್ಲ!

ಒಮ್ಮೆ ನನ್ನ ಗಂಡ ಮಹಾಪೆಯ ಆಫೀಸಿನಲ್ಲಿ ಓವರ್‌ಟೈಮ್ ಎಂದು ಹೇಳಿ ತಡವಾಗಿ ಬಂದ. ಚಿಕ್ಕಮ್ಮ ಅವನ ಬೂಟು ಎತ್ತಿ ನೋಡಿ, ಮಹಾಪೆಯಾದರೆ ಅಲ್ಲಿನ ಕ್ವಾರಿಗಳ ಕರಿಕಲ್ಲಿನ ಪುಡಿ ಇರಬೇಕಿತ್ತು, ಇದು ಹೊಳೆದಂಡೆಯ ಗೋಡುಮಣ್ಣು ಎಂದಳು. ಪಾಪ, ನನಗೆ ಹೇಳದೆ ಹೊಳೆದಡದ ಟಿಟ್ವಾಳಾದಲ್ಲಿ ಅಗ್ಗದ ಫ್ಲ್ಯಾಟ್ ನೋಡಿಕೊಂಡು ಬಂದಿದ್ದ. ಅಂದಿನಿಂದ ಬೂಟು ಕೈಯಲ್ಲಿ ಹಿಡಿದೇ ಒಳಗೆ ಬರುತ್ತಾನೆ.

ಅಡುಗೆಮನೆಯ ಡಬ್ಬಿಗಳಲ್ಲಿ ಅರ್ಧದಷ್ಟು ಆಕೆಯ ಮರಳೇ. ಕೆಲಸದವಳು ಒಂದು ದಿನ ಕೃಷ್ಣಾ ಹೊಳೆಯ ಮರಳಿನಿಂದ ತವಾ ತಿಕ್ಕಿಬಿಟ್ಟಳು. ಚಿಕ್ಕಮ್ಮ ಕೂಗಾಡುತ್ತಾಳೆಂದು ನಾನು ನಡುಗಿದರೆ, ಆಕೆ ತವಾವನ್ನು ಬೆಳಕಿಗೆ ಹಿಡಿದು, "ನೋಡು, ಬೆಣಚುಕಲ್ಲು ಎಷ್ಟು ಚೆನ್ನಾಗಿ ಕೆಲಸ ಮಾಡಿದೆ," ಎಂದು ಸಂತೋಷಪಟ್ಟಳು. ಇಂಥವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಹೋದ ವರ್ಷ ನಮ್ಮ ಬಾಗಿಲಿಗೆ ರಾಯಚೂರಿನ ಕಡೆಯ ಒಬ್ಬ ಹೆಂಗಸು ಬಂದಳು. ಕನ್ನಡ ಮಾತಾಡುವ ಮಣ್ಣಿನ ಮೇಡಂ ಇಲ್ಲಿದ್ದಾರೆಂದು ಯಾರೋ ಹೇಳಿದ್ದರಂತೆ. ಅವಳ ಗಂಡ ಟ್ರಕ್ ಡ್ರೈವರ್. ಕಲ್ಯಾಣದ ಖಾಡಿಯಿಂದ, ಅಂದರೆ ಸಮುದ್ರದ ನೀರು ಒಳನುಗ್ಗುವ ಹೊಳೆಯಿಂದ, ಕದ್ದ ಮರಳು ಅವನ ಗಾಡಿಯಲ್ಲಿ ಸಿಕ್ಕಿದ್ದರಿಂದ ಪೊಲೀಸರು ಅವನನ್ನು ಒಳಗೆ ಹಾಕಿದ್ದರು. ಮರಳು ತೋಡಿದ ಕಡೆ ದಂಡೆ ಕುಸಿದು ಕೂಲಿಯವರ ಖೋಲಿಗಳು, ಒಂದೊಂದೇ ಕೋಣೆಯ ಮನೆಗಳು, ನೀರುಪಾಲಾಗಿದ್ದವು. ಟ್ರಕ್ಕಿನ ಮಾಲೀಕನಾದ ಮರಳು ವ್ಯಾಪಾರಿ ಮಾತ್ರ, ತನ್ನ ಅಂಗಳದಲ್ಲಿ ಗುಡ್ಡೆ ಹಾಕಿರುವುದು ಬರೀ ಕಲ್ಲು ಒಡೆದು ಮಾಡಿದ ಮರಳು, ಖಾಡಿಯದ್ದೆಲ್ಲ ಡ್ರೈವರನ ಕಳ್ಳತನ ಎಂದು ಕೈ ತೊಳೆದುಕೊಂಡಿದ್ದ.

"ಅವ್ರು ಮಾಲೀಕ ಹೇಳ್ದಂಗ ಗಾಡಿ ಹೊಡದಾರ್ರೀ, ಅಷ್ಟ," ಎಂದಳು ಆಕೆ.

ತನಿಖೆ ಮಾಡುತ್ತಿದ್ದ ಇನ್‌ಸ್ಪೆಕ್ಟರು ಚಿಕ್ಕಮ್ಮನಿಗೆ ಹಳೆಯ ಪರಿಚಯ. ಅವರಿಗೆ ಫೋನ್ ಮಾಡಿ, ಅಂಗಳದ ಗುಡ್ಡೆಯನ್ನು ಎಲ್ಲಿಂದ ನೋಡಿದಿರಿ ಎಂದು ಕೇಳಿದಳು. ಮೇಲಿನಿಂದ, ಎಂದರು. ಅಡಿಯಲ್ಲಿ ಚೂರೇ ತುಂಬಿರುವ ಹಪ್ಪಳದ ಡಬ್ಬಿಯನ್ನೂ ನಿಮ್ಮ ಮನೆಯಲ್ಲಿ ಮೇಲಿನಿಂದಲೇ ನೋಡುತ್ತೀರಾ ಎಂದು ಗದರಿದಳು. ಮರುದಿನ ಗುಡ್ಡೆಯ ನಡುವೆ ಅಗೆಸಿದರು. ಮೇಲೆ ಒಂದು ಪದರ ಮಾತ್ರ ಚೂಪು ಅಂಚಿನ ಕಲ್ಲುಪುಡಿ. ಕೆಳಗೆಲ್ಲ ನೀರಿನಲ್ಲಿ ಉರುಳಿ ನುಣುಪಾದ ಮರಳು, ಸಣ್ಣ ಸಣ್ಣ ಚಿಪ್ಪಿನ ಚೂರುಗಳ ಸಮೇತ. ಟ್ರಕ್ಕಿನದ್ದೂ, ಅಂಗಳದ್ದೂ, ದಂಡೆ ಕುಸಿದ ಜಾಗದ್ದೂ ಒಂದೇ ಬಗೆ ಎಂದು ಪ್ರಯೋಗಾಲಯ ಬರೆದುಕೊಟ್ಟಿತು. ಮಾಲೀಕ ಒಳಗೆ ಹೋದ, ಡ್ರೈವರನಿಗೆ ಜಾಮೀನು ಸಿಕ್ಕಿತು.

ಬಿಡುಗಡೆಯ ದಿನ ಆ ಹೆಂಗಸಿನ ಜೊತೆ ತಾನೂ ಬರುತ್ತೇನೆಂದು ಚಿಕ್ಕಮ್ಮ ಹಟ ಹಿಡಿದಳು, ನಾನು ಕರೆದುಕೊಂಡು ಹೋದೆ. ಜೈಲಿನ ಹೊರಗೆ ಆತ ಹೆಂಡತಿಯ ಕಡೆಗೂ ಹೋಗದೆ ನೇರ ಬಂದು ಆಕೆಯ ಪಾದಕ್ಕೆ ಬಿದ್ದ. ಬಿದ್ದವನು ಏಳಲೇ ಇಲ್ಲ.

"ಕದ್ದ ಮಾಲು ಅಂತ ನನಗ ಗೊತ್ತಿತ್ತು ಅಮ್ಮಾರ. ಗೊತ್ತಿದ್ದೇ ತುಂಬೀನಿ. ಆ ಖೋಲ್ಯಾಗ ನಮ್ಮೂರವ್ರ ಇದ್ರು."

ಮಂಡಿನೋವಿಗೆ ಹಬ್ಬದ ದಿನವೂ ನೆಲದ ಮೇಲೆ ಕೂರದ ಚಿಕ್ಕಮ್ಮ, ಫುಟ್‌ಪಾತಿನ ಮೇಲೆ ಅವನ ಪಕ್ಕದಲ್ಲಿ ಕುಸಿದು ಕೂತಳು. ಅವನ ಅಳು ಮುಗಿಯುವವರೆಗೂ ಬೆನ್ನು ಸವರುತ್ತಿದ್ದಳು.

"ಇದನ್ನ ಕೋರ್ಟಿನಲ್ಲೂ ಹೇಳು ಮಗಾ," ಎಂದಳು ಕೊನೆಗೆ. "ನಾನೂ ಬಂದು ಕೂತಿರ್ತೀನಿ."

ಅವನು ಹೂಂ ಎಂದು ತಲೆಯಾಡಿಸಿದ. ಆಮೇಲೆ ಚಿಕ್ಕಮ್ಮನಿಗೆ ಏಳಲಾಗಲಿಲ್ಲ. ಗಂಡ ಹೆಂಡತಿ ಆಚೀಚೆ ಹಿಡಿದು ಎಬ್ಬಿಸಿದರು. ರಿಕ್ಷಾ ಬರುವವರೆಗೂ ಚಿಕ್ಕಮ್ಮ ಇಬ್ಬರ ಕೈಯನ್ನೂ ಬಿಡಲಿಲ್ಲ.