ಕೆಂಪು ಕಾರಿನ ಸೇವಾ ಪುಸ್ತಕ

ಸಾವಿರದ ಒಂಬೈನೂರ ಎಂಬತ್ತೆರಡನೇ ಇಸವಿ ಏಪ್ರಿಲ್ ಹದಿನಾರನೇ ತಾರೀಖು ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಕೋಲಾರದ ಬಿಳಿಗೂಡು ರೇಷ್ಮೆ ಬೆಳೆಗಾರರ ಸಹಕಾರ ಸಂಘದ ಕೆಂಪು ಕಾರು ಋಣಮುಕ್ತವಾಯಿತು. ಕೊನೆಯ ಕಂತಿನ ರಸೀದಿಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಫೈಲಿಗೆ ಸೇರಿಸಿದವಳು ನಾನೇ. ನಾನು ಅನಂತಲಕ್ಷ್ಮಿ, ಸಂಘದ ಟೈಪಿಸ್ಟು. ಮುಳಬಾಗಿಲಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ನಮ್ಮ ಮನೆಯಲ್ಲಿ ಒಬ್ಬರು ದೇವರ ಪೂಜೆ ಮಾಡುತ್ತಾರೆ, ಒಬ್ಬರು ಊರವರ ಲೆಕ್ಕ ಬರೆಯುತ್ತಾರೆ, ಸುಳ್ಳು ಹೇಳುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದ ಈ ಕೆಳಗೆ ಕಾಣಿಸಿದ್ದೆಲ್ಲ ನಡೆದದ್ದೇ ಎಂದು ತಿಳಿಯತಕ್ಕದ್ದು.

ಕಾರು ಅಂದರೆ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ತಲೆಯ ಮೇಲೆ ಸೂರು ಇಲ್ಲ. ರೇಷ್ಮೆಯ ಮರಿಹುಳುಗಳನ್ನು ಬಿಸಿಲೇರುವ ಮೊದಲೇ ರೈತರ ಮನೆಗೆ ಮುಟ್ಟಿಸಬೇಕು, ಅದಕ್ಕೆ ವೇಗದ ವಾಹನ ಬೇಕು ಅಂತ ಎಪ್ಪತ್ತನಾಲ್ಕರಲ್ಲಿ ಸಂಘ ನಿರ್ಣಯ ಮಾಡಿತ್ತು. ಆಗ ಚಿನ್ನದ ಗಣಿಯ ಊರಿನಲ್ಲಿ ಯಾರೋ ಬಿಳಿ ದೊರೆಯ ಮನೆ ಸಾಮಾನು ಹರಾಜಿಗೆ ಬಂತು. ನೋಡಿದ ವಾಹನಗಳಲ್ಲೆಲ್ಲ ವೇಗವಾಗಿ ಓಡುವುದು ಇದೇ ಎಂದು ಸಾಬೀತಾದ ಕಾರಣ ಇದನ್ನೇ ಸಾಲ ಮಾಡಿ ಕೊಂಡರು. ತಂದು ನಿಲ್ಲಿಸಿದ ಮೇಲೆ ನೋಡಿದರೆ, ಒಂದು ಸೀಟಿನಲ್ಲಿ ಡ್ರೈವರು, ಇನ್ನೊಂದರಲ್ಲಿ ಅಧ್ಯಕ್ಷರು. ಹುಳುಗಳಿಗೆ ಜಾಗ ಇಲ್ಲ. ಸರಿ, ಅವು ಹುತ್ತೂರು, ಸುಗಟೂರಿನ ರೈತರ ತೊಡೆಯ ಮೇಲೆ ಕೂತು ಬಸ್ಸಿನಲ್ಲಿ ಹೋದವು. ಎಂಟು ವರ್ಷ ಹೀಗೇ ನಡೆಯಿತು. ರೈತರೂ ದೂರು ಕೊಡಲಿಲ್ಲ, ಹುಳುಗಳೂ ಕೊಡಲಿಲ್ಲ.

ಆ ಕಾರನ್ನು ಓಡಿಸುವವನು ಸುಗಟೂರಿನ ಕದಿರೇಶ. ಅಪ್ಪ ಅಮ್ಮ ಇಲ್ಲದವನು, ವಯಸ್ಸು ಮೂವತ್ತೆರಡು, ಬಾಯಲ್ಲಿ ಕೆಟ್ಟ ಮಾತು ಒಂದಿಲ್ಲ. ಅವನ ನೇಮಕದ ಆದೇಶವನ್ನು ಟೈಪು ಮಾಡಿದವಳೂ ನಾನೇ: ‘ಸದರಿ ಚಾಲಕರ ಹುದ್ದೆಯು ವಾಹನದ ಸಾಲ ತೀರುವವರೆಗೆ ತಾತ್ಕಾಲಿಕವಾಗಿದ್ದು, ತೀರಿದ ನಂತರ ಖಾಯಂ ಮಾಡುವ ಬಗ್ಗೆ ಪರಿಶೀಲಿಸಲಾಗುವುದು.’ ಅವನು ಅದನ್ನು ಎಂಟು ವರ್ಷ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಾಪಾಡಿಕೊಂಡು ಬಂದಿದ್ದ. ಯಾಕೆಂದರೆ ದೇವರಾಯಸಮುದ್ರದ ಮುನಿಯಲ್ಲಮ್ಮನ ಮಗಳು ಅಶ್ವತ್ಥಮ್ಮನನ್ನು ಅವನು ಮೆಚ್ಚಿದ್ದ, ಹುಡುಗಿಯೂ ಮೆಚ್ಚಿದ್ದಳು. ಮುನಿಯಲ್ಲಮ್ಮನ ಷರತ್ತು ಒಂದೇ: “ಹುಡುಗ ಖಾಯಂ ಆಗಲಿ, ಶ್ರಾವಣದಲ್ಲಿ ಧಾರೆ ಎರೀತೀನಿ. ಇಲ್ದಿದ್ರೆ ನನ್ನ ತಮ್ಮನ ಮಗ ಇದ್ದೇ ಅವ್ನೆ.”

ರಸೀದಿ ಬಂದ ದಿನ ಕದಿರೇಶ ಒಂದು ಚಿಪ್ಪು ಬಾಳೆಹಣ್ಣು ತಂದು ನನ್ನ ಮೇಜಿನ ಮೇಲಿಟ್ಟ.

“ಅಕ್ಕಾ, ಇನ್ನೇನು ಖಾಯಂ ಆದಂಗೇ ಅಲ್ವಾ?” ಅಂದ.

“ಆದ ಹಾಗೇ ಕಣಪ್ಪ,” ಅಂದೆ. ಎರಡು ಹಣ್ಣು ತಿಂದೆ ಕೂಡ. ತಿನ್ನಬಾರದಿತ್ತು.

ಯಾಕೆಂದರೆ ಸಂಘದ ಉಪನಿಯಮ ಹದಿನಾಲ್ಕು ಯಾರಿಗೂ ನೆನಪಿರಲಿಲ್ಲ, ಕಾರ್ಯದರ್ಶಿ ಚನ್ನರಾಯಪ್ಪನವರಿಗೆ ಮಾತ್ರ ಬಾಯಿಪಾಠ ಬರುತ್ತಿತ್ತು: ‘ಸಾಲ ತೀರಿದ ವಾಹನವನ್ನು ಉಳಿಸಿಕೊಳ್ಳಬೇಕೋ, ಅದಕ್ಕಿಂತ ಉತ್ತಮವಾದ ವಾಹನವನ್ನು ಸಾಲದ ಮೇಲೆ ತೆಗೆದುಕೊಳ್ಳಬೇಕೋ ಎಂಬುದನ್ನು ತೊಂಬತ್ತು ದಿನದೊಳಗೆ ತೀರ್ಮಾನಿಸತಕ್ಕದ್ದು.’ ಹೊಸ ಕಾರು ಬಂದರೆ ಹೊಸ ಸಾಲ. ಹೊಸ ಸಾಲ ಅಂದರೆ ಕದಿರೇಶ ಇನ್ನೂ ಎಂಟು ವರ್ಷ ತಾತ್ಕಾಲಿಕ. ಅಷ್ಟು ಹೊತ್ತಿಗೆ ಮುನಿಯಲ್ಲಮ್ಮನ ತಮ್ಮನ ಮಗನಿಗೆ ಮೂರು ಮಕ್ಕಳಾಗಿರುತ್ತವೆ.

ಸಭೆ ಸೇರಿತು. ಅಧ್ಯಕ್ಷ ಕೋದಂಡರಾಮಪ್ಪನವರು ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರು, ಅರ್ಧ ಮಾತು ತೆಲುಗು. ಅವರಿಗೆ ಹಳೆಯ ಕಾರೇ ಬೇಕು.

“ಎಂಥಾ ಬಂಡಿ ಅಪ್ಪಾ ಇದು! ಸೂರಿಲ್ಲ, ಎಲ್ಲರಿಗೂ ನಾನು ಕಾಣ್ತೀನಿ. ಅಧ್ಯಕ್ಷ ಕಾಣ್ದಿದ್ರೆ ಸಂಘ ನಡೀತಾ ಅದೆ ಅಂತ ಜನಕ್ಕೆ ಹೆಂಗೆ ಗೊತ್ತಾಗಬೇಕು?” ಅಂದರು.

ಬೇಸಿಗೆಯಲ್ಲಿ ಮಾತ್ರ ಅವರು ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದನ್ನು ಕಾರಿನ ಮೇಲೆ ಚಪ್ಪರದ ಹಾಗೆ ಕಟ್ಟಿಸಿಕೊಳ್ಳುತ್ತಿದ್ದರು. ರೇಷ್ಮೆ ಉದ್ಯಮಕ್ಕೂ ಆ ಕಾರಿಗೂ ಇದ್ದ ನೇರ ಸಂಬಂಧ ಅದೊಂದೇ.

ಚನ್ನರಾಯಪ್ಪನವರಿಗೆ ಅಂಬಾಸಿಡರ್ ಬೇಕು. ಎಂಟು ವರ್ಷ ಅಧ್ಯಕ್ಷರ ಪ್ರವಾಸಕ್ಕೆ ಅವರು ಫೈಲು ಹೊತ್ತುಕೊಂಡು ಹಿಂದಿನ ಬಸ್ಸಿನಲ್ಲಿ ಹೋಗಿದ್ದರು. ಮಾಲೂರಿನ ಸಭೆ ಮುಗಿದು ವಂದನಾರ್ಪಣೆ ಆಗುವ ಹೊತ್ತಿಗೆ ಸರಿಯಾಗಿ ಕಾರ್ಯಸೂಚಿ ತಲುಪುತ್ತಿತ್ತು.

“ಸ್ವಾಮಿ, ಹಿಂದಿನ ಸೀಟು ಅನ್ನೋದು ಆಡಳಿತದ ಬೆನ್ನೆಲುಬು,” ಅಂದರು ಅವರು. “ಬುಕ್ ಮಾಡಿದರೆ ಆರೇಳು ವರ್ಷದಲ್ಲಿ ಬಂದೇ ಬಿಡುತ್ತೆ.”

“ಅಲ್ಲಿಗಂಟ?” ಅಂದರು ಅಧ್ಯಕ್ಷರು.

“ಸಾಲ ಕಟ್ತಾ ಇರೋದು.”

ಇಬ್ಬರೂ ಬಗ್ಗಲಿಲ್ಲ. ಕೊನೆಗೆ, ಕಾರಿನ ಯೋಗ್ಯತೆಯನ್ನು ಪರಿಶೀಲಿಸಿ ಮೂರು ಪ್ರತಿಗಳಲ್ಲಿ ಮೇಲಿನ ಕಚೇರಿಗೆ ಕಳಿಸುವುದು, ಅಲ್ಲಿಂದ ಬಂದ ಆದೇಶಕ್ಕೆ ತಲೆಬಾಗುವುದು ಎಂದು ತೀರ್ಮಾನವಾಯಿತು. ಇಷ್ಟರವರೆಗೆ ತಪ್ಪೇನೂ ಇಲ್ಲ. ತಪ್ಪು ಆದದ್ದು ಬೀರುವಿನಲ್ಲಿ.

ಬೀರುವಿನಲ್ಲಿ ಕಾರಿನ ಯೋಗ್ಯತೆ ಬರೆಯುವ ಫಾರಂ ಇರಲಿಲ್ಲ. ನೌಕರರ ಯೋಗ್ಯತೆ ಬರೆಯುವ ಫಾರಂ ಮಾತ್ರ ನಾನೂರು ಇದ್ದವು. ನಲವತ್ತು ಹೇಳಿದ್ದಕ್ಕೆ ಪ್ರೆಸ್ಸಿನವನು ನಾನೂರು ಒತ್ತಿ ಕೊಟ್ಟಿದ್ದ. ಅಚ್ಚಾದ ಫಾರಂ ಗೆದ್ದಲಿಗೆ ಹಾಕುವುದೂ ಒಂದೇ, ಸಂಘದ ದುಡ್ಡು ಸುಡುವುದೂ ಒಂದೇ ಎಂದು ಕಾರ್ಯದರ್ಶಿಗಳು ಅದನ್ನೇ ತುಂಬಲು ಹೇಳಿದರು. ನಾನು ಒಂದು ಸಲ ಬೇಡ ಅಂದೆ. “ಅಮ್ಮಾ ಅನಂತಲಕ್ಷ್ಮಿ, ನಿಮಗೆ ಟೈಪಿಂಗ್ ಬರುತ್ತೆ, ಆಡಳಿತ ಬರಲ್ಲ,” ಅಂದರು. ಸರಿ ಮಹರಾಯ ಅಂತ ಸುಮ್ಮನೆ ಕಾಗದ ಏರಿಸಿದೆ.

ಹೆಸರು: ಕೆಂಪು ಕಾರು. ತಂದೆಯ ಹೆಸರು: ತಿಳಿದಿಲ್ಲ, ವಿದೇಶಿ. ಹುಟ್ಟಿದ ವರ್ಷ: ಸಾವಿರದ ಒಂಬೈನೂರ ಐವತ್ತೆಂಟು. ವಿದ್ಯಾರ್ಹತೆ: ಗಂಟೆಗೆ ತೊಂಬತ್ತು ಮೈಲಿ. ‘ಬಲ್ಲ ಭಾಷೆಗಳು’ ಎಂಬಲ್ಲಿ ನಾನು ಗೀಟು ಎಳೆಯಲು ಹೋದೆ, ಅಧ್ಯಕ್ಷರು ಬಿಡಲಿಲ್ಲ. ಮುಳಬಾಗಿಲಿನ ಏರಿನಲ್ಲಿ ಕಾರು ಉಬ್ಬಸ ಪಟ್ಟಾಗಲೆಲ್ಲ ಕದಿರೇಶ “ಪದವೇ ತಲ್ಲಿ, ನಡಿಯೇ ನಮ್ಮಮ್ಮ” ಅಂದ ಕೂಡಲೇ ಅದು ಮೇಲೇರುವುದನ್ನು ಅವರು ಕಣ್ಣಾರೆ ಕಂಡಿದ್ದರು. ಆದ್ದರಿಂದ ‘ತೆಲುಗು, ಕನ್ನಡ ಅರ್ಥವಾಗುತ್ತದೆ, ಮಾತನಾಡಲು ಬರುವುದಿಲ್ಲ’ ಎಂದು ಬರೆಯಲಾಯಿತು. ಪೋಷಕರು: ಕದಿರೇಶ. ವಿವಾಹವಾಗಿದೆಯೇ: ಇಲ್ಲ. ಆ ಕಾಲಂ ಟೈಪು ಮಾಡುವಾಗ ಕದಿರೇಶ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಫಾರಂಗೆ ವೈದ್ಯರ ಪ್ರಮಾಣಪತ್ರ ಬೇಕಿತ್ತು. ಡಾಕ್ಟರರೊಬ್ಬರು ಸ್ಟೆತಾಸ್ಕೋಪು ಬಾನೆಟ್ಟಿನ ಮೇಲಿಟ್ಟು, ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ದನದ ಡಾಕ್ಟರರ ಹತ್ತಿರ ಕಳಿಸಿದರು. ದನದ ಡಾಕ್ಟರರು ಕಾರನ್ನು ಒಂದು ಸುತ್ತು ಹಾಕಿ, ‘ಕಣ್ಣು ಚುರುಕಾಗಿವೆ, ಕಾಲು ನಾಲ್ಕೂ ಸರಿಯಿವೆ, ಸಾಧು ಸ್ವಭಾವ’ ಎಂದು ಬರೆದು ಮೊಹರು ಒತ್ತಿದರು. ಸರ್ಕಾರಿ ಮೊಹರು ಅಂದಮೇಲೆ ಮಾತೇ ಇಲ್ಲ.

ಇನ್ನು ಉಳಿದದ್ದು ಮೇಲಧಿಕಾರಿಯ ಅಭಿಪ್ರಾಯ. ಅದನ್ನು ಚನ್ನರಾಯಪ್ಪನವರು ಕಾರಿನಲ್ಲಿ ಕೂತು ನೋಡಿ ಬರೆಯಬೇಕು. ಕಾರು ಕೆಲಸಕ್ಕೆ ಬಾರದು ಅಂತ ಬರೆಯಲು ಅವರು ಪೆನ್ನಿಗೆ ಮಸಿ ತುಂಬಿಸಿಕೊಂಡೇ ಹೊರಟರು. ಕದಿರೇಶ ಹಿಂದಿನ ದಿನವಿಡೀ ಕಾರು ತೊಳೆದ. ಹೊರಡುವಾಗ ನನ್ನ ಕಡೆ ತಿರುಗಿ, “ಅಕ್ಕಾ, ಇವತ್ತು ಇವರ ಮನಸ್ಸು ತಿರುಗಿಸ್ಲಿಲ್ಲ ಅಂದ್ರೆ ನನ್ನ ಕತೆ ಮುಗೀತು,” ಅಂದ.

ಮುಳಬಾಗಿಲು, ಶ್ರೀನಿವಾಸಪುರ ಸುತ್ತಿ ಮಧ್ಯಾಹ್ನ ಮೂರಕ್ಕೆ ವಾಪಸು ಬಂದರು. ಚನ್ನರಾಯಪ್ಪನವರ ತಲೆಗೂದಲು ನೆಟ್ಟಗೆ ಎದ್ದು ನಿಂತಿತ್ತು. ದೇವರಾಯಸಮುದ್ರದ ಕೆರೆ ಏರಿಯ ಹತ್ತಿರ ಗಾಳಿಗೆ ಒಂದು ಫೈಲು ಹಾರಿ ನೀರಿಗೆ ಬಿದ್ದಿತ್ತಂತೆ, ಅವರು ನಿಲ್ಲಿಸು ಅನ್ನಲಿಲ್ಲವಂತೆ. ಐವತ್ತೊಂದು ವರ್ಷದ ಆಸಾಮಿ, ಕೆನ್ನೆ ಕೆಂಪಗಾಗಿತ್ತು.

“ಹೇಗಿತ್ತು ಸಾರ್?” ಅಂತ ಕೇಳಿದೆ.

“ಬಸ್ಸೊಂದನ್ನ ಹಿಂದೆ ಹಾಕಿದ್ವಿ ಕಣಮ್ಮಾ,” ಅಂದರು. “ನಾನು ಎಂಟು ವರ್ಷ ಕೂತು ಹೋದ ಬಸ್ಸು ಅದೇ.”

ಅಭಿಪ್ರಾಯದ ಕಾಲಂನಲ್ಲಿ ಹೀಗೆ ಬರೆದರು: ‘ಕರ್ತವ್ಯನಿಷ್ಠೆ ಅಸಾಧಾರಣ. ಇಂಥವರನ್ನು ಕಳೆದುಕೊಂಡರೆ ಸಂಘಕ್ಕೆ ತುಂಬಲಾರದ ನಷ್ಟ.’ ಜೊತೆಗೆ, ಇನ್ನು ಮುಂದೆ ಮಂಗಳವಾರ, ಶುಕ್ರವಾರ ಎಡಗಡೆ ಸೀಟು ಕಾರ್ಯದರ್ಶಿಯದು ಎಂದು ಒಂದು ಸುತ್ತೋಲೆಯನ್ನೂ ಹೊರಡಿಸಿದರು. ಕದಿರೇಶ ಅವತ್ತು ಖುಷಿಯಿಂದ ಅತ್ತುಬಿಟ್ಟ. ಕಾರು ಉಳಿಯಿತು, ಹೊಸ ಸಾಲ ಇಲ್ಲ, ಇನ್ನು ಖಾಯಂ ಆಗಲು ಅಡ್ಡಿ ಏನಿದೆ?

ಜುಲೈ ಹನ್ನೆರಡಕ್ಕೆ ಮೇಲಿನ ಕಚೇರಿಯಿಂದ ಆದೇಶ ಬಂತು. ಸಭೆಯಲ್ಲಿ ನಾನೇ ನಿಂತು ಓದಿದೆ:

‘ತಮ್ಮ ಸಂಘದ ನೌಕರರಾದ ಶ್ರೀ ಕೆಂಪು ಕಾರು ಇವರ ಎಂಟು ವರ್ಷಗಳ ನಿಷ್ಕಳಂಕ ಸೇವೆಯನ್ನು ಪರಿಗಣಿಸಿ, ವಾಹನ ವಿಭಾಗದಲ್ಲಿ ಖಾಲಿ ಇರುವ ಏಕೈಕ ಖಾಯಂ ಹುದ್ದೆಗೆ ಇವರನ್ನು ನೇಮಿಸಲಾಗಿದೆ. ಇವರ ಸೇವಾ ಪುಸ್ತಕವನ್ನು ಕೂಡಲೇ ತೆರೆಯತಕ್ಕದ್ದು. ಇವರು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ನಿವೃತ್ತಿ ಹೊಂದುವರು.’

ಅಧ್ಯಕ್ಷರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಕಾರಿಗೆ ಮಾಲೆ ಹಾಕಲಾಯಿತು.

“ಸಾರ್, ಆ ಹುದ್ದೆ ಇದ್ದದ್ದು ಕದಿರೇಶನಿಗೆ,” ಅಂದೆ. ನನಗೆ ಮೈ ಉರಿಯುತ್ತಿತ್ತು.

“ಹೌದಮ್ಮಾ, ಆದ್ರೆ ಈಗ ಭರ್ತಿ ಆಗಿದೆಯಲ್ಲ,” ಅಂದರು ಚನ್ನರಾಯಪ್ಪನವರು. “ಖಾಯಂ ನೌಕರರನ್ನ ತೆಗೀಬೇಕಾದ್ರೆ ಆಪಾದನಾ ಪಟ್ಟಿ ಕೊಡಬೇಕು, ಅವರಿಂದ ಲಿಖಿತ ಉತ್ತರ ತಗೋಬೇಕು. ಇವರು ಉತ್ತರ ಬರಿಯೋ ಪೈಕಿ ಅಲ್ಲ. ಅಲ್ಲದೆ ಪಾಪ, ಇವರು ಮಾಡಿದ ತಪ್ಪಾದ್ರೂ ಏನು?”

ಕದಿರೇಶ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಕೆಳಗೆ ನಿಂತಿದ್ದ. ಹೋಗಿ ಹೇಳಿದೆ. ಅವನು ಬೈಯಲಿಲ್ಲ.

“ಹಂಗಾದ್ರೆ ನಾನು ಖಾಯಂ ಆಗೋದು ಯಾವಾಗಕ್ಕಾ?”

“ಕಾರು ನಿವೃತ್ತಿ ಆದ ಮೇಲೆ. ಎರಡು ಸಾವಿರದ ಹದಿನಾರಕ್ಕೆ.”

“ಆಗ ನನಗೆ?”

“ಅರವತ್ತಾರು ಕಣೋ. ನೀನು ನಿವೃತ್ತಿಯಾಗಿ ಎಂಟು ವರ್ಷ ಆಗಿರುತ್ತೆ.”

ಅವನು ಕಾರಿನ ಹತ್ತಿರ ಹೋಗಿ, ಮಾಲೆಯಿಂದ ಉದುರಿದ ಹೂವನ್ನು ಸೀಟಿನ ಮೇಲಿಂದ ಗುಡಿಸಿದ.

ಮಾರನೆಯ ವಾರ ಮುನಿಯಲ್ಲಮ್ಮ ತಾವೇ ಕಚೇರಿಗೆ ಬಂದರು. ಸೊಂಟದಲ್ಲಿ ಎಲೆಅಡಿಕೆ ಚೀಲ, ಹಿಂದೆ ತಲೆ ತಗ್ಗಿಸಿಕೊಂಡು ಅಶ್ವತ್ಥಮ್ಮ. ನನ್ನ ಮೇಜಿನ ಮುಂದೆ ಕೂತು, “ಎಲ್ಲಿ ತಾಯಿ, ಆರ್ಡರು ಓದು ನೋಡೋಣ,” ಅಂದರು. ಸುಳ್ಳು ಓದಲು ಬಾಯಿ ಬರಲಿಲ್ಲ. ಎಲ್ಲವನ್ನೂ ಓದಿದೆ, ಫಾರಂ ಸಮೇತ. ಕದಿರೇಶ ಗೋಡೆಗೆ ಮುಖ ಮಾಡಿ ನಿಂತಿದ್ದ.

“ಕಾರನ್ನ ಯಾರಾನಾ ಕೆಲಸದಿಂದ ತೆಗೀಬೌದಾ?” ಅಂತ ಮುನಿಯಲ್ಲಮ್ಮ ಕೇಳಿದರು.

“ಆಗಲ್ಲಮ್ಮ. ಖಾಯಂ.”

“ಬೇರೆ ಯಾರಾನಾ ಓಡಿಸಬೌದಾ?”

“ಪೋಷಕರು ಅಂತ ಕದಿರೇಶನ ಹೆಸರೇ ಇದೆ. ಕಾರಿನ ಸಂಬಳವನ್ನೂ ಪೋಷಕರ ಕೈಗೇ ಕೊಡಬೇಕು, ನಿಯಮ.”

“ಮತ್ತೆ ಇವನ ಸಂಬಳ?”

“ತಾತ್ಕಾಲಿಕದ್ದು ಬೇರೆ ಬರುತ್ತೆ.”

ಮುನಿಯಲ್ಲಮ್ಮ ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟುಕೊಂಡು ಯೋಚನೆ ಮಾಡಿದರು. ಕಾರ್ಯದರ್ಶಿಗಳು ಬಾಗಿಲಿಗೆ ಬಂದು ನಿಂತರು, ಅಧ್ಯಕ್ಷರೂ ಬಂದರು. ಅಶ್ವತ್ಥಮ್ಮ ಮಾತ್ರ ಕದಿರೇಶನ ಬೆನ್ನನ್ನೇ ನೋಡುತ್ತಿದ್ದಳು.

“ನನ್ನ ತಮ್ಮನ ಮಗ ಖಾಯಂ ಅವ್ನೆ, ನಿಜ,” ಅಂದರು ಮುನಿಯಲ್ಲಮ್ಮ ಕೊನೆಗೆ. “ಆದ್ರೆ ಮನುಷ್ಯ ತಾನೇ? ನಮ್ಮ ಯಜಮಾನ್ರೂ ಖಾಯಂ ಇದ್ರು. ಮೂವತ್ತೊಂಬತ್ತಕ್ಕೆ ಹೋಗ್ಬಿಟ್ರು. ಮನುಷ್ಯರಲ್ಲಿ ಯಾರು ತಾಯಿ ಖಾಯಂ? ಕಬ್ಬಿಣ ಆದ್ರೆ ತುಕ್ಕಾದ್ರೂ ಹಿಡ್ಕೊಂಡು ಇರ್ತದೆ.” ಎದ್ದು ನಿಂತು ಸೆರಗು ಸರಿ ಮಾಡಿಕೊಂಡರು. “ಗಂಡಿನ ಕಡೆ ಹಿರೀರು ಯಾರು?”

ಯಾರೂ ಇಲ್ಲ ಅಂತ ಕದಿರೇಶ ಹೇಳುವಷ್ಟರಲ್ಲಿ, ಚನ್ನರಾಯಪ್ಪನವರು ಕೆಮ್ಮಿ, ವರನ ಕುಟುಂಬದಲ್ಲಿ ಖಾಯಂ ಉದ್ಯೋಗದಲ್ಲಿರುವವರು ಒಬ್ಬರೇ ಎಂದೂ, ಅವರು ಕೆಳಗೆ ಬೇವಿನ ಮರದ ನೆರಳಿನಲ್ಲಿ ಇದ್ದಾರೆಂದೂ ತಿಳಿಸಿದರು. ಎಲ್ಲರೂ ಇಳಿದು ಹೋದೆವು. ನಾನು ತಟ್ಟೆಯಲ್ಲಿ ಎಲೆ, ಅಡಿಕೆ, ಎರಡು ಬಾಳೆಹಣ್ಣು ಜೋಡಿಸಿಕೊಟ್ಟೆ. ಮುನಿಯಲ್ಲಮ್ಮ ಅದನ್ನು ಬಾನೆಟ್ಟಿನ ಮೇಲಿಟ್ಟು ಕೈ ಮುಗಿದು, “ಅಯ್ಯಾ, ನಮ್ಮ ಹುಡುಗೀನ ನಿಮ್ಮ ಮನೆ ತುಂಬಿಸಿಕೊಳ್ಳೋಕೆ ಒಪ್ಪಿಗೇನಾ?” ಅಂತ ಕಾರನ್ನು ಕೇಳಿದರು.

ಕದಿರೇಶ ಕಣ್ಣೊರೆಸಿಕೊಂಡು, ಬಾಗಿಲ ಮೇಲಿಂದ ಒಳಗೆ ಬಗ್ಗಿ ಹಾರ್ನ್ ಒತ್ತಿದ. ಒಪ್ಪಿಗೆ ದೊರೆತದ್ದನ್ನು ನಾನು ಸೇವಾ ಪುಸ್ತಕದಲ್ಲಿ ದಾಖಲು ಮಾಡಿದೆ.